ವಿಮಾನದ ಬೆಣ್ಣೆ ಮತ್ತು ಗಂಗವ್ವನ ಬೆಲ್ಲ

ಕಲಘಟಗಿ ರಸ್ತೆಯ ಡೇರಿಗೆ ಹೊಸದಾಗಿ ಸೇರಿದ ನಾಲ್ಕೈದು ಮಂದಿ ಹುಡುಗ ಹುಡುಗಿಯರು ಹೋದ ತಿಂಗಳು ಮಿಶ್ರಿಕೋಟಿಯ ನಮ್ಮ ಮನೆಗೆ ಬಂದಿದ್ದರು. ಅದೇ ಡೇರಿಯ ಬೆಣ್ಣೆ ಖೋಲಿಯನ್ನು ನಾನು ಬಹಳ ವರ್ಷ ನೋಡಿಕೊಂಡವನು. ಚಹಾ ಕುಡಿಯುವವರೆಗೆ ಸುಮ್ಮನಿದ್ದವರು ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಕಾಕಾ, ಒಳಗ ಭಾಳ ಥಂಡಿ ಇರತೈತೇನ್ರಿ?"

ಇರುತ್ತದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ. ಎರಡು ಜೋಡಿ ಕಾಲುಚೀಲ ಹಾಕಿಕೊಳ್ಳಿ. ಹೊರಗೆ ಬಂದ ಕೂಡಲೇ ಬಿಸಿ ಚಹಾದ ಲೋಟ ಹಿಡಿಯಬೇಡಿ, ಬೆರಳು ಸುಟ್ಟರೂ ನಿಮಗೆ ಗೊತ್ತಾಗುವುದಿಲ್ಲ. ಇನ್ನು ಬೆಣ್ಣೆಯ ವಾಸನೆ. ಎಷ್ಟು ಸಾಬೂನು ಹಚ್ಚಿದರೂ ಅದು ಅಂಗಿ ಬಿಡುವುದಿಲ್ಲ. ನಮ್ಮೂರಿನ ನಾಯಿಗಳು ನನ್ನ ಸೈಕಲ್ಲಿನ ಹಿಂದೆ ಬಸ್ ನಿಲ್ದಾಣದಿಂದ ಮನೆಯವರೆಗೆ ಮೆರವಣಿಗೆ ಬರುತ್ತಿದ್ದವು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಗತ್ತಿನಿಂದಲೇ ಸೈಕಲ್ ತುಳಿದೆ.

ಆ ಹುಡುಗರು ಇನ್ನೂ ಏನೇನೋ ಕೇಳಿದರು. ಬಾಯಿಂದ ಹೇಳಿದ್ದು ಬಾಗಿಲಿನಲ್ಲೇ ಉಳಿಯುತ್ತದೆ ಎಂದು ಈಗ ಬರೆಯಲು ಕುಳಿತಿದ್ದೇನೆ. ಆರನೇ ಇಯತ್ತೆಗೆ ಶಾಲೆ ಬಿಟ್ಟವನ ಬರಹ ಇದು. ಅಕ್ಷರ ದಪ್ಪ ಇರಬಹುದು, ಕೆಲಸದ ಮಾತು ಮಾತ್ರ ಗಟ್ಟಿ ಇದೆ.

ನಮ್ಮ ಅಬ್ಬಾ ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿ ಮನೆಗಳಲ್ಲಿ ಕಡೆದ ಬೆಣ್ಣೆ ಕೊಂಡು ಹುಬ್ಬಳ್ಳಿಯ ಪೇಟೆಗೆ ಒಯ್ಯುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನೂ ಅವರ ಹಿಂದೆ ಹೋದೆ. ಯಾವ ಮನೆಯ ಬೆಣ್ಣೆ ನಿನ್ನೆಯದು, ಯಾವುದು ನಾಲ್ಕು ದಿನದ್ದು, ಯಾವ ಎಮ್ಮೆ ಹತ್ತಿಕಾಳು ತಿಂದಿದೆ ಎಂದು ಮೂಸಿ ಹೇಳುವುದನ್ನು ಅಲ್ಲಿ ಕಲಿತೆ. ಡೇರಿಗೆ ಕೆಲಸ ಕೇಳಲು ಹೋದಾಗ ನನ್ನ ಹತ್ತಿರ ಇದ್ದ ಸರ್ಟಿಫಿಕೇಟು ಅದೊಂದೇ.

ಮ್ಯಾನೇಜರ್ ಕುಲಕರ್ಣಿ ಸಾಹೇಬರು ಮೂರು ಬಟ್ಟಲು ಬೆಣ್ಣೆ ಮುಂದಿಟ್ಟು ಕೇಳಿದರು. ನಾನು ಮೂರನ್ನೂ ಸರಿಯಾಗಿ ಹೇಳಿದೆ. ಎದೆ ಉಬ್ಬಿಸಿ ನಿಂತಿದ್ದೆ.

"ಮೂಗು ಛಲೋ ಐತಿ ನಿಂದು," ಅಂದರು. "ಆದ್ರ ಮೂಗು ಸಹಿ ಹಾಕಂಗಿಲ್ಲಲ್ಲೋ ಮಕ್ತುಮ. ಇಲ್ಲಿ ಪ್ರತಿಯೊಂದಕ್ಕೂ ಸಹಿ ಬೇಕು. ಥರ್ಮಾಮೀಟರ್ ನೋಡಾಕ ಕಲಿ."

ಅವರು ಹೇಳಿದ್ದು ಸರಿ ಇತ್ತು. ನೆಗಡಿ ಬಂದ ದಿನ ನನ್ನ ಮೂಗು ರಜೆ ಹಾಕುತ್ತಿತ್ತು. ಥರ್ಮಾಮೀಟರಿಗೆ ನೆಗಡಿ ಬರುವುದಿಲ್ಲ.

ಮೊದಲ ಕೆಲವು ವರ್ಷ ನಮ್ಮದು ಹಾಲಿನ ಪಾಕೀಟು, ಮೊಸರು, ತುಪ್ಪ ಇಷ್ಟೇ. ಆಮೇಲೆ ಗೋವಾದ ಒಂದು ಅಡುಗೆ ಕಾರ್ಖಾನೆಯಿಂದ ಆರ್ಡರ್ ಬಂತು. ವಿಮಾನದಲ್ಲಿ ಕೂತವರಿಗೆ ಕೊಡುವ ಊಟವನ್ನು ಅವರು ಮಾಡುತ್ತಿದ್ದರು. ತಟ್ಟೆಯಲ್ಲಿ ಬ್ರೆಡ್ಡಿನ ಬಾಜು ಇಡಲು ಸಣ್ಣ ಸಣ್ಣ ಪ್ಲಾಸ್ಟಿಕ್ ಬಟ್ಟಲಲ್ಲಿ ಬೆಣ್ಣೆ ಬೇಕಾಗಿತ್ತು. ಒಂದೊಂದು ಬಟ್ಟಲು ಅರ್ಧ ಪೇಢೆಯಷ್ಟು. ಮೇಲೆ ಚಿನ್ನದ ಬಣ್ಣದ ಹಾಳೆ ಅಂಟಿಸಬೇಕು. ಅದಕ್ಕೆಂದೇ ಒಂದು ಹೊಸ ಖೋಲಿ ಕಟ್ಟಿಸಿದರು. ತಂಬೂರು, ಮಿಶ್ರಿಕೋಟಿ ಕಡೆಯ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಂಡರು. ಹೊಲದ ಕೂಲಿ ಬಿಟ್ಟರೆ ಬೇರೆ ಕೆಲಸ ನೋಡಿರದ ಅವರಿಗೆ ವರ್ಷವಿಡೀ ನಡೆಯುವ, ನೆರಳಲ್ಲಿ ನಿಂತು ಮಾಡುವ ಕೆಲಸ ಮೊದಲ ಸಲ ಸಿಕ್ಕಿತ್ತು. ಸಾಹೇಬರು ಮೊದಲ ದಿನವೇ ಎಲ್ಲರೆದುರು ಹೇಳಿದ್ದರು: "ಈ ವಿಮಾನದ ಆರ್ಡರ್ ಇರೂತನಕ ಈ ಖೋಲಿ. ಅದು ಹೋತು ಅಂದ್ರ ಬಾಗಲಕ್ಕ ಕೀಲಿ. ತಿಳೀತಿಲ್ಲ?"

ತಿಳಿದಿತ್ತು. ಆ ಮಾತು ಆ ಖೋಲಿಯ ಗೋಡೆಗೆ ಬಳಿದ ಸುಣ್ಣದ ಹಾಗೆ ಯಾವಾಗಲೂ ಕಣ್ಣ ಮುಂದೆ ಇರುತ್ತಿತ್ತು.

ಆ ಹೆಣ್ಣುಮಕ್ಕಳಲ್ಲಿ ತಂಬೂರಿನ ಗಂಗವ್ವ ಎಂಬಾಕೆ ಹಿರಿಯಳು. ಗಂಡ ಹೋಗಿ ಬಹಳ ವರ್ಷವಾಗಿತ್ತು. ಇಬ್ಬರು ಹೆಣ್ಣುಮಕ್ಕಳನ್ನು ಇದೇ ಕೆಲಸದ ಮೇಲೆ ಓದಿಸುತ್ತಿದ್ದಳು. ಮೊದಲ ಬಟ್ಟಲನ್ನು ಅಂಗೈಯಲ್ಲಿಟ್ಟುಕೊಂಡು ಆಕೆ ಕೇಳಿದ್ದು ಇನ್ನೂ ನೆನಪಿದೆ.

"ಮಕ್ತುಮಣ್ಣಾ, ಇಷ್ಟ ಬೆಣ್ಣಿ ಒಬ್ಬ ಮನಷ್ಯಾಗ? ನಮ್ಮನ್ಯಾಗ ಬೆಕ್ಕಿಗಿ ಇದರಕಿಂತ ದೊಡ್ಡ ಉಂಡಿ ಹಾಕತೀನಿ."

"ವಿಮಾನದಾಗ ಸೀಟು ಸಣ್ಣ ಇರತಾವಂತ ಗಂಗವ್ವ. ಜಾಸ್ತಿ ತಿಂದ್ರ ಹೊಳ್ಳಿ ಏಳಾಕ ಆಗಂಗಿಲ್ಲ."

"ಹಂಗಾದ್ರ ರೊಟ್ಟಿ ಕೊಡಂಗಿಲ್ಲೇನು ಅವರು?"

"ಬ್ರೆಡ್ಡು ಕೊಡತಾರ."

"ಪಾಪ," ಅಂದಳು ಗಂಗವ್ವ. ಖೋಲಿಯೆಲ್ಲ ನಕ್ಕಿತು.

ಬಳೆಯ ಜಗಳ ಅದರ ಮಾರನೆಯ ವಾರ. ಗಾಜಿನ ಬಳೆ ಒಡೆದು ಬೆಣ್ಣೆಗೆ ಬಿದ್ದರೆ ಗತಿಯೇನು, ಎಲ್ಲರೂ ಬಳೆ ಬಿಚ್ಚಿಟ್ಟು ಬರಬೇಕು ಎಂದು ಆದೇಶವಾಯಿತು. ಮದುವೆಯಾದ ಹೆಣ್ಣುಮಕ್ಕಳು ಬರಿಗೈಯಲ್ಲಿ ನಿಲ್ಲಲು ಒಪ್ಪಲಿಲ್ಲ. ಅರ್ಧ ಖೋಲಿ ಎದ್ದು ಅಂಗಳಕ್ಕೆ ಬಂತು. ಆಗ ಹೊಸದಾಗಿ ಬಂದಿದ್ದ ಗುಣಮಟ್ಟದ ಅಧಿಕಾರಿ ಶೈಲಾ ಮೇಡಂ ಧಾರವಾಡದಲ್ಲಿ ಓದಿದ ಹುಡುಗಿ, ನನ್ನ ಮಗಳ ವಯಸ್ಸು. ಗಾಜು ಬೇಡವೇ ಬೇಡ, ಒಂದೊಂದು ತೆಳು ಲೋಹದ ಬಳೆ ಇರಲಿ, ಅದರ ಮೇಲೆ ಎರಡೂ ಕಡೆ ರಬ್ಬರಿನ ಬಿಗಿ ಇರುವ ಬಟ್ಟೆಯ ತೋಳು ಹಾಕಿಕೊಳ್ಳಿ ಅಂದಳು. ತಾನೇ ಹೊಲಿಗೆಯವನ ಹತ್ತಿರ ಕೂತು ಅಳತೆ ಕೊಟ್ಟು ಮಾಡಿಸಿ ತಂದಳು. ನೀವು ಈಗ ಹಾಕಿಕೊಳ್ಳುವ ನೀಲಿ ತೋಳು ಅದೇ. ಯಾರೋ ಮೇಲಿನವರು ಕಳಿಸಿದ್ದು ಎಂದುಕೊಳ್ಳಬೇಡಿ.

ಇನ್ನು ಕಲ್ಲುಬೆಣ್ಣೆಯ ಕಥೆ. ಇದನ್ನು ಗಮನವಿಟ್ಟು ಓದಿ, ಇವತ್ತಿಗೂ ನಿಮ್ಮನ್ನು ಕಾಡುವ ವಿಷಯ ಇದು.

ಗೋವಾದಿಂದ ದೂರು ಬಂತು. ನಿಮ್ಮ ಬೆಣ್ಣೆ ಕಲ್ಲಿನಂತಿದೆ, ಪ್ರಯಾಣಿಕರು ಬ್ರೆಡ್ಡಿಗೆ ಹಚ್ಚಲು ಹೋದರೆ ಬ್ರೆಡ್ಡೇ ಹರಿಯುತ್ತದೆ, ಬೈದು ಪಕ್ಕಕ್ಕೆ ಇಡುತ್ತಾರೆ. ವಿಮಾನದ ಊಟದ ಗಾಡಿಗಳಲ್ಲಿ ಥಂಡಿ ಜೋರು. ತಟ್ಟೆ ಮುಂದೆ ಬಂದು ಊಟ ಮುಗಿಯುವುದರೊಳಗೆ ಬೆಣ್ಣೆ ಕರಗುವಷ್ಟು ಸಮಯ ಇರುವುದಿಲ್ಲ.

ಬೆಣ್ಣೆಯ ಮಾತು ಬಂದರೆ ನನಗೆ ತಡೆಯಲಾಗುವುದಿಲ್ಲ. ನಾನೇ ಉಪಾಯ ಹೇಳಿದೆ. ಗಾಡಿಗೆ ತುಂಬುವ ಮೊದಲು ಡಬ್ಬಿಗಳನ್ನು ಒಂದಿಷ್ಟು ಹೊತ್ತು ಕೋಲ್ಡ್ ರೂಮಿನ ಹೊರಗೆ ಇಡೋಣ, ಮೆತ್ತಗಾಗುತ್ತದೆ ಎಂದೆ. ಇಟ್ಟೆವು. ಬೇಸಿಗೆಯ ದಿನ. ಗಾಡಿ ಘಟ್ಟ ಇಳಿದು ಗೋವಾ ಮುಟ್ಟುವಷ್ಟರಲ್ಲಿ ಬಟ್ಟಲುಗಳ ಒಳಗೆ ಕೆಳಗೆ ನೀರು, ಮೇಲೆ ತುಪ್ಪ. ಇಡೀ ಲೋಡು ವಾಪಸು ಬಂತು. ಕುಲಕರ್ಣಿ ಸಾಹೇಬರು ಒಂದು ಬಟ್ಟಲು ಎತ್ತಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಗಳಗಳ ಅಂತು.

"ಕೇಳಿದಿ? ನಿನ್ನ ಮೂಗಿನ ಕೆಲಸ ಇದು," ಅಂದರು.

ಶೈಲಾ ಮೇಡಂ ಬೇರೆ ದಾರಿ ಹಿಡಿದಳು. ತೊಂದರೆ ಬೆಣ್ಣೆಯಲ್ಲಿಲ್ಲ, ಕೆನೆಯಲ್ಲಿದೆ ಅಂದಳು. ಕಡೆಯುವ ಮೊದಲು ಕೆನೆಯನ್ನು ಒಮ್ಮೆ ತಣ್ಣಗೆ ಮಾಡಬೇಕು, ಆಮೇಲೆ ಸ್ವಲ್ಪ ಬೆಚ್ಚಗೆ, ಮತ್ತೆ ತಣ್ಣಗೆ. ಹಾಗೆ ಮಾಡಿದರೆ ಅದರೊಳಗಿನ ಕೊಬ್ಬು ಕಟ್ಟುವ ರೀತಿಯೇ ಬೇರೆ, ಥಂಡಿಯಲ್ಲೂ ಚಾಕುವಿಗೆ ಬಗ್ಗುತ್ತದೆ ಎಂದು ವಿವರಿಸಿದಳು. ಅಷ್ಟು ಸಲ ಬಿಸಿ ಮಾಡಿ ತಣ್ಣಗೆ ಮಾಡಿದರೆ ಕೆನೆ ಹುಳಿಯುತ್ತದೆ ಎಂದು ನಾನು ವಾದಿಸಿದೆ.

"ಕಾಕಾ, ಒಂದ ಸಲ ಮಾಡಿ ನೋಡೂಣು. ಕೆಟ್ರ ನನ್ನ ಬೈರಿ," ಅಂದಳು.

ಕೆಡಲಿಲ್ಲ. ಅವತ್ತು ಆ ಬೆಣ್ಣೆ ಕೋಲ್ಡ್ ರೂಮಿನಿಂದ ಬಂದ ಕೂಡಲೇ ಬ್ರೆಡ್ಡಿನ ಮೇಲೆ ಹರಡಿದ್ದನ್ನು ನೋಡಿ ನಾನೇ ಇನ್ನೊಂದು ತುಂಡಿಗೆ ಹಚ್ಚಿ ತಿಂದೆ. ಅಬ್ಬಾ ಇದ್ದಿದ್ದರೆ ಅವರಿಗೂ ತಿನ್ನಿಸುತ್ತಿದ್ದೆ. ಆ ಪದ್ಧತಿಯನ್ನು ಆಮೇಲೆ ನನ್ನಷ್ಟು ಬಿಗಿಯಾಗಿ ನಡೆಸಿದವರು ಯಾರೂ ಇಲ್ಲ ಎಂದು ಧೈರ್ಯದಿಂದ ಹೇಳುತ್ತೇನೆ.

ಇಷ್ಟಾದರೂ ಗೋವಾದವರು ಅರ್ಧ ಆರ್ಡರನ್ನು ಮಾರ್ಗರಿನ್‌ಗೆ ಬದಲಾಯಿಸಿದರು. ಅದು ಎಣ್ಣೆಯಿಂದ ಮಾಡುವ ವಸ್ತು, ನೋಡಲು ಬೆಣ್ಣೆಯಂತೆ. ಎಷ್ಟು ಥಂಡಿ ಇದ್ದರೂ ಮೆತ್ತಗಿರುತ್ತದೆ, ಹಾಲು ಬೇಡ ಎನ್ನುವವರಿಗೂ ನಡೆಯುತ್ತದೆ. ದೊಡ್ಡ ದೊಡ್ಡ ಗಟ್ಟಿಗಳು ಹೊರಗಿನಿಂದ ಬರುತ್ತಿದ್ದವು, ನಾವು ಬಟ್ಟಲಿಗೆ ತುಂಬಿ ಕೊಡಬೇಕು.

"ಎಣ್ಣಿಗಿ ಬೆಣ್ಣಿ ವೇಷ ಹಾಕ್ಯಾರ," ಎಂದು ಗಂಗವ್ವ ಮೂಗು ಮುರಿದಳು. "ಇದನ್ನ ಮುಟ್ಟಿದ್ರ ಬಸವಣ್ಣ ಸಿಟ್ಟಾಗತಾನ."

"ಬಸವಣ್ಣ ಸಿಟ್ಟಾಗಂಗಿಲ್ಲ, ಎಮ್ಮಿ ಸಿಟ್ಟಾಗತಾವ," ಎಂದೆ. ಆದರೆ ನನಗೂ ಒಳಗೊಳಗೆ ಹಾಗೇ ಅನಿಸಿತ್ತು. ಶೈಲಾ ಮೇಡಂ ನಮ್ಮನ್ನೆಲ್ಲ ಕೂರಿಸಿ ತಿಳಿಸಿದಳು. ಕೆಲವರ ಮೈಗೆ ಹಾಲಿನ ಅಂಶ ಒಂದು ಹನಿಯೂ ಆಗುವುದಿಲ್ಲ, ಮುಖ ಊದುತ್ತದೆ, ಉಸಿರು ಕಟ್ಟುತ್ತದೆ. ಆಕಾಶದಲ್ಲಿ ಹಾಗಾದರೆ ಡಾಕ್ಟರು ಎಲ್ಲಿಂದ ಬರಬೇಕು? ಮಾರ್ಗರಿನ್ ಬಟ್ಟಲಿಗೆ ಚಿನ್ನದ ಬದಲು ಹಸಿರು ಹಾಳೆ, ಅಂಥವರು ಅದನ್ನು ನೋಡಿ ನಂಬಿ ತಿನ್ನುತ್ತಾರೆ. ಅವತ್ತಿನಿಂದ ಖೋಲಿಯಲ್ಲಿ ತಮಾಷೆ ನಿಂತಿತು. ಬೆಣ್ಣೆ ಒಂದು ದಿನ, ಮಾರ್ಗರಿನ್ ಒಂದು ದಿನ. ನಡುವೆ ಯಂತ್ರ ಬಿಚ್ಚಿ ಕುದಿಯುವ ನೀರಿನಲ್ಲಿ ತೊಳೆಯುವುದು. ಬಟ್ಟಲುಗಳನ್ನು ಜೋಡಿಸಿ ಕಳಿಸುವ ಹಸಿರು ಮುಚ್ಚಳದ ದೊಡ್ಡ ಡಬ್ಬಿಗಳು ಗೋವಾದವರವೇ. ಅವರು ತೊಳೆದು ಕಳಿಸುತ್ತಿದ್ದರು, ನಾವು ತುಂಬಿ ಸೀಲು ಹಾಕಿ ವಾಪಸು ಕಳಿಸುತ್ತಿದ್ದೆವು. ನಾನಿದ್ದಷ್ಟು ದಿನ ಬೆಣ್ಣೆ, ಮಾರ್ಗರಿನ್ ಎರಡೂ ಒಮ್ಮೆಯೂ ಬೆರೆಯಲಿಲ್ಲ. ಇದು ನನ್ನ ದೊಡ್ಡಸ್ತಿಕೆ ಅಂದುಕೊಂಡರೂ ಅಡ್ಡಿಯಿಲ್ಲ.

ಈಗ ಬೆಲ್ಲಕ್ಕೆ ಬರುತ್ತೇನೆ.

ಒಂದು ಮಳೆಗಾಲ ಗೋವಾದಲ್ಲಿ ಎಡೆಬಿಡದೆ ಮಳೆ ಹೊಡೆದು ವಿಮಾನಗಳು ಬರುವುದು ಕಡಿಮೆಯಾಯಿತು. ಆರ್ಡರ್ ಇಳಿಸಿದರು. ನಮ್ಮ ಹತ್ತಿರ ಅವರ ಹಸಿರು ಡಬ್ಬಿಗಳು ಹೆಚ್ಚಾಗಿ ಉಳಿದವು. ಬೇರೆ ಕಡೆಗೆ ಬೇಕು, ಖಾಲಿಯನ್ನೇ ಸೀಲು ಮಾಡಿ ಕಳಿಸಿ ಎಂದು ಫೋನ್ ಬಂತು. ಕಳಿಸಿದೆವು. ಮಾರನೆಯ ದಿನ ಮಧ್ಯಾಹ್ನ ಕುಲಕರ್ಣಿ ಸಾಹೇಬರು ಖೋಲಿಗೆ ಬಂದರು. ಮುಖ ಬಿಳಿಚಿಕೊಂಡಿತ್ತು.

"ಯಂತ್ರ ಬಂದ್ ಮಾಡ್ರಿ. ಎಲ್ಲಾರೂ ಹೊರಗ ಬರ್ರಿ."

ಬಂದೆವು. ಗೋವಾದಲ್ಲಿ ಆ ಖಾಲಿ ಡಬ್ಬಿ ತೆರೆದಾಗ ಪ್ರತಿಯೊಂದರಲ್ಲೂ ಕಾಗದದಲ್ಲಿ ಸುತ್ತಿದ ಕಂದು ಬಣ್ಣದ ಗಟ್ಟಿ ಸಿಕ್ಕಿತ್ತು. ವಿಮಾನಕ್ಕೆ ಹೋಗುವ ಡಬ್ಬಿಯಲ್ಲಿ ಗುರುತಿಲ್ಲದ ವಸ್ತು! ಅಲ್ಲಿನ ಭದ್ರತೆಯವರು ಜನರನ್ನೆಲ್ಲ ಹೊರಗೆ ಕಳಿಸಿ, ಪರೀಕ್ಷೆ ಮಾಡಿಸಿದರು. ಪರೀಕ್ಷೆಯಲ್ಲಿ ಅದು ಬೆಲ್ಲ ಎಂದು ಗೊತ್ತಾಯಿತು. ಬೆಲ್ಲದ ಜೊತೆ ನಮ್ಮೂರಿನ ಇರುವೆಗಳೂ ಘಟ್ಟ ಇಳಿದು ಅವರ ಅಡುಗೆಮನೆಯಲ್ಲಿ ಸಾಲುಗಟ್ಟಿದ್ದವು. ಆರ್ಡರ್ ಅಷ್ಟಕ್ಕೂ ತಡೆ ಬಿದ್ದಿತ್ತು.

"ಯಾರ ಇಟ್ಟೋರು?" ಸಾಹೇಬರು ಕೇಳಿದರು.

"ನಾನರೀ," ಎಂದಳು ಗಂಗವ್ವ, ಕೈ ಕೂಡ ಎತ್ತದೆ. "ಯಾಕ್ರಿ, ಕಡಿಮಿ ಆತೇನು?"

ಗಂಗವ್ವನಿಗೆ ಯಾಕೆ ಈ ಗದ್ದಲ ಎಂದು ನಿಜವಾಗಿಯೂ ತಿಳಿಯಲಿಲ್ಲ. ಬೇರೆಯವರ ಮನೆಯ ಪಾತ್ರೆ ನಮ್ಮ ಮನೆಗೆ ಬಂದರೆ ಅದನ್ನು ಖಾಲಿ ಹೊಳ್ಳಿಸಬಾರದು. ಸಕ್ಕರೆಯೋ, ನಾಲ್ಕು ಕಾಳೋ, ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವೋ ಹಾಕಿ ಕೊಡಬೇಕು. ಅದು ಆಕೆಗೆ ಯಾರೂ ಕಲಿಸಿದ್ದಲ್ಲ, ಉಸಿರಾಟದ ಹಾಗೆ ಬಂದದ್ದು. ಇಷ್ಟು ದಿನ ಡಬ್ಬಿಗಳು ತುಂಬಿಯೇ ಹೋಗುತ್ತಿದ್ದುದರಿಂದ ಈ ಪ್ರಶ್ನೆಯೇ ಎದ್ದಿರಲಿಲ್ಲ.

ಖೋಲಿಗೆ ಕೀಲಿ ಬಿತ್ತು. ಹೆಣ್ಣುಮಕ್ಕಳು ಮನೆಗೆ ಹೋದರು. ಕೆಲವರು ಕಳೆ ತೆಗೆಯಲು ಹೊಲಕ್ಕೆ ಹೋದರು, ಕೆಲವರು ಮನೆಯಲ್ಲೇ ದಿನ ಎಣಿಸುತ್ತ ಕೂತರು. ಸಂತೆಗೆ ಹೋಗುವ ಬಸ್ಸಿನಲ್ಲಿ ಗಂಗವ್ವನ ಬಾಜು ಯಾರೂ ಕೂರುತ್ತಿರಲಿಲ್ಲ. ಒಂದು ದಿನ ನನ್ನೆದುರೇ ಒಬ್ಬಾಕೆ, "ಬೆಲ್ಲ ತಂದೀ ಏನಬೇ ಗಂಗಿ? ನಾವು ಉಪಾಸ ಅದೀವಿ, ಒಂಚೂರು ಕೊಡು," ಅಂದಳು. ಯಾವಾಗಲೂ ಒಂದಕ್ಕೆ ಎರಡು ಹೇಳುವ ಗಂಗವ್ವ ಕಿಟಕಿಯ ಕಡೆ ಮುಖ ಮಾಡಿದಳು. ಆಕೆಯ ದೊಡ್ಡ ಮಗಳು ಆಗ ನರ್ಸಿಂಗ್ ಓದುತ್ತಿದ್ದಳು. ಆ ಕಿಟಕಿಯಲ್ಲಿ ಆಕೆಗೆ ಏನು ಕಾಣುತ್ತಿದೆ ಎಂದು ನನಗೆ ಗೊತ್ತಿತ್ತು.

ಕುಲಕರ್ಣಿ ಸಾಹೇಬರು ಕೆಟ್ಟವರಲ್ಲ. ಅವರ ಮೇಲೂ ಮಾಲೀಕರ ಒತ್ತಡ ಇತ್ತು. ನನ್ನನ್ನೂ ಶೈಲಾ ಮೇಡಂಳನ್ನೂ ಕರೆದು, "ಅಕಿನ್ನ ತಗದ ಹಾಕೇವಿ ಅಂತ ಗೋವಾಕ್ಕ ತಿಳಸೂಣು. ಒಬ್ಬಾಕಿ ಹೋದ್ರ ಉಳದವರು ಬದಕ್ತಾರ," ಅಂದರು.

"ಇನ್ನೊಬ್ಬಾಕಿ ಇಡತಾಳ್ರಿ ಸಾಹೇಬ್ರ," ಎಂದೆ. "ಈ ಖೋಲ್ಯಾಗ ಇಡಲಾರದಾಕಿ ಒಬ್ಬಾಕಿನೂ ಇಲ್ಲ."

"ಏನ ಮಾತಾಡ್ತಿಯೋ! ಬುದ್ಧಿ ಇದ್ದೋರು ಯಾರರ ಇಡತಾರೇನು?"

"ಈದ್‌ದಾಗ ನಮ್ಮನಿಯಿಂದ ನಿಮಗ ಶೀರ್‌ಖುರ್ಮಾ ಕಳಸಿದ್ವಿ. ಡಬ್ಬಿ ಹೊಳ್ಳಿ ಬಂತು. ಅದರಾಗ ಏನಿತ್ರಿ?"

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿದರು.

"ಚಕ್ಕಲಿ," ಅಂದರು ಕಡೆಗೆ.

ಶೈಲಾ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ನೋಡಿದಳು. ಸಾಹೇಬರು ಫೋನ್ ತೆಗೆದುಕೊಂಡು ಗೋವಾಕ್ಕೆ ಹಚ್ಚಿದರು. ಇಟ್ಟವರನ್ನೇ ಕರೆತರುತ್ತೇವೆ, ಅವರ ಬಾಯಿಂದಲೇ ಕೇಳಿ ಎಂದರು. ಅವರು ಒಪ್ಪಿದರು.

ಮಾರನೆಯ ದಿನ ಬೆಳಕು ಹರಿದ ಮೇಲೆ ಸಾಹೇಬರು, ಶೈಲಾ ಮೇಡಂ, ಗಂಗವ್ವ, ನಾನು ಡೇರಿಯ ಗಾಡಿಯಲ್ಲೇ ಹೊರಟೆವು. ಗಂಗವ್ವ ಮಡಿಕೆ ಮುರಿಯದ ಇಳಕಲ್ ಸೀರೆ ಉಟ್ಟಿದ್ದಳು. ಘಟ್ಟ ಇಳಿಯುವಾಗ ಒಂದೇ ಮಾತು ಆಡಿದಳು. "ಮಕ್ತುಮಣ್ಣಾ, ನನಗ ಅವರ ಭಾಷಿ ಬರಂಗಿಲ್ಲ. ನೀ ಹೇಳಬೇಕು."

"ನೀ ಹೇಳಿದ್ದು ಹೇಳತೀನಿ."

ಅಲ್ಲಿ ನಮ್ಮನ್ನು ಒಂದು ಗಾಜಿನ ಗೋಡೆಯ ಹಿಂದೆ ಕೂರಿಸಿದರು. ಆ ಕಡೆ ವಿಮಾನದಿಂದ ಇಳಿದ ಊಟದ ಗಾಡಿಗಳು ಬರುತ್ತಿದ್ದವು. ಕೆಲಸದವರು ತಿಂದ ತಟ್ಟೆಗಳನ್ನು ಎಳೆದು, ಉಳಿದದ್ದನ್ನೆಲ್ಲ ದೊಡ್ಡ ಪೀಪಾಯಿಗೆ ಸುರಿಯುತ್ತಿದ್ದರು. ಅನ್ನ, ಬ್ರೆಡ್ಡು, ಜೊತೆಗೆ ನಮ್ಮ ಬಟ್ಟಲುಗಳು. ತಡೆ ಬೀಳುವ ಮೊದಲು ಕಳಿಸಿದ ಮಾಲು ಇನ್ನೂ ಬಳಕೆಯಲ್ಲಿತ್ತು. ಚಿನ್ನದ ಹಾಳೆ ಹರಿಯದ ಬಟ್ಟಲುಗಳೇ ಎಷ್ಟೋ ಇದ್ದವು.

ಗಂಗವ್ವ ಎದ್ದು ನಿಂತಳು. "ಬಿಚ್ಚಿಲ್ಲಲ್ಲ! ಮುಟ್ಟಿಲ್ಲಲ್ಲ ಯಾರೂ! ಯಾಕ ಚೆಲ್ತಾರ?"

ವಿಮಾನ ಹತ್ತಿ ಇಳಿದ ಊಟ ಬಿಚ್ಚಿದ್ದಿರಲಿ ಬಿಡಲಿ, ಮತ್ತೆ ಯಾರಿಗೂ ಕೊಡುವ ಹಾಗಿಲ್ಲ, ನಿಯಮ ಎಂದು ತಿಳಿಸಿದೆ. ನನಗೆ ಅದು ಮೊದಲೇ ಗೊತ್ತಿತ್ತು. ಖೋಲಿಯ ಹೆಣ್ಣುಮಕ್ಕಳಿಗೆ ಹೇಳಲು ಮನಸ್ಸಾಗಿರಲಿಲ್ಲ.

ಆಕೆ ಗಾಜಿಗೆ ಕೈ ಹಚ್ಚಿ ಬಹಳ ಹೊತ್ತು ನೋಡಿದಳು.

ಭದ್ರತೆಯ ಅಧಿಕಾರಿ ಗೋವಾದವರೇ, ಫರ್ನಾಂಡಿಸ್ ಎಂದು ಹೆಸರು. ದಪ್ಪ ಮೀಸೆ, ಕಡಿಮೆ ಮಾತು. ಅವರು ಹಿಂದಿಯಲ್ಲಿ ಕೇಳಿದ್ದನ್ನು ನಾನು ಕನ್ನಡಕ್ಕೆ, ಗಂಗವ್ವ ಹೇಳಿದ್ದನ್ನು ಹಿಂದಿಗೆ ಮಾಡುತ್ತ ಹೋದೆ.

ಯಾಕೆ ಇಟ್ಟೆ ಎಂದು ಕೇಳಿದರು.

"ನಿಮ್ಮ ಡಬ್ಬಿ ನಮ್ಮಲ್ಲಿಗೆ ಬಂದಿತ್ರಿ. ಖಾಲಿ ಹೆಂಗ ಕಳಸ್ಲಿ?"

ಅಧಿಕಾರಿ ಮೀಸೆ ಸವರಿದರು. ತಮ್ಮ ತಾಯಿಯೂ ಕ್ರಿಸ್‌ಮಸ್ಸಿನಲ್ಲಿ ಅಕ್ಕಪಕ್ಕದವರ ತಟ್ಟೆಯನ್ನು ಖಾಲಿ ಹೊಳ್ಳಿಸುವುದಿಲ್ಲ ಎಂದರು. ಆದರೆ ತಮ್ಮ ತಾಯಿ ವಿಮಾನಕ್ಕೆ ಊಟ ಕಳಿಸುವುದಿಲ್ಲ ಎಂದೂ ಸೇರಿಸಿದರು. ಮುಂದೆ ಡಬ್ಬಿಯಲ್ಲಿ ಏನೂ ಇಡುವುದಿಲ್ಲ ಎಂದು ಮಾತು ಕೊಡುತ್ತೀಯಾ ಎಂದು ಕೇಳಿದರು.

ಕುಲಕರ್ಣಿ ಸಾಹೇಬರು ಗಂಗವ್ವನ ಕಡೆ ನೋಡಿ ತಲೆ ಅಲ್ಲಾಡಿಸಿದರು, ಹೂಂ ಅನ್ನು ಎನ್ನುವ ಹಾಗೆ.

"ಬೆಲ್ಲ ಇಡಂಗಿಲ್ರಿ," ಎಂದಳು ಗಂಗವ್ವ. "ಅದು ತಪ್ಪಾತು. ಇರಿವಿ ಹೊಕ್ಕು ಅಂತ ಕೇಳಿ ಜೀವ ಹೋದಂಗಾತು. ಆದ್ರ ಖಾಲಿ ಡಬ್ಬಿ ಮಾತ್ರ ನನ್ನ ಕೈಲೆ ಕಳಸಬ್ಯಾಡ್ರಿ. ನನ್ನ ಕಡೆಯಿಂದ ಆಗಂಗಿಲ್ಲ. ಇಲ್ಲಿ ಸುಳ್ಳು ಹೇಳಿ ಅಲ್ಲಿ ಹೋಗಿ ನಾ ಏನ ಮಾಡ್ಲಿ?"

ಎಲ್ಲರೂ ನನ್ನ ಮುಖ ನೋಡಿದರು. ಸಾಹೇಬರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಮೊದಲ ಎರಡು ಮಾತು ಹೇಳಿ ಉಳಿದದ್ದು ನುಂಗಿದರೆ ಅಲ್ಲಿಗೆ ಕೆಲಸ ಮುಗಿಯುತ್ತಿತ್ತು. ನಮ್ಮವರಲ್ಲದೆ ಕನ್ನಡ ತಿಳಿಯುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಖೋಲಿಯ ಕೀಲಿ ಆ ಹೊತ್ತಿಗೆ ನನ್ನ ನಾಲಗೆಯ ಮೇಲಿತ್ತು.

ನಾನು ಪೂರಾ ಹೇಳಿದೆ. ಒಂದು ಶಬ್ದ ಬಿಡಲಿಲ್ಲ.

ಫರ್ನಾಂಡಿಸ್ ಸಾಹೇಬರು ಪೆನ್ನು ಕೆಳಗಿಟ್ಟರು. ಆಗ ಶೈಲಾ ಮೇಡಂ ಬಾಯಿ ತೆರೆದಳು. "ಸರ್, ಖಾಲಿ ಡಬ್ಬಿ ಯಾಕ ತಿರುಗಾಡ್ಬೇಕು?" ಎಂದು ಹಿಂದಿಯಲ್ಲೇ ಕೇಳಿದಳು. ತುಂಬಿದ ಡಬ್ಬಿಯ ಲೆಕ್ಕ ಎಲ್ಲರೂ ಇಡುತ್ತಾರೆ, ಖಾಲಿಯದನ್ನು ಯಾರೂ ನೋಡುವುದಿಲ್ಲ. ದಾರಿಯಲ್ಲಿ ಯಾರು ಏನು ಹಾಕಿದರೂ ಗೊತ್ತಾಗುವುದಿಲ್ಲ. ಅಂದಮೇಲೆ ಡಬ್ಬಿ ಡೇರಿಗೆ ಬಂದರೆ ಅಲ್ಲೇ ಬೀಗದೊಳಗೆ ಇರಲಿ, ಮುಂದಿನ ಆರ್ಡರಿಗೆ ತುಂಬಿಯೇ ಹೊರಬರಲಿ, ಎಂದಳು. ಅಧಿಕಾರಿ ತಕ್ಷಣ ಹೂಂ ಅನ್ನಲಿಲ್ಲ. ಮೇಲಿನವರನ್ನು ಕೇಳಿ ತಿಳಿಸುತ್ತೇನೆ ಎಂದು ನಮ್ಮನ್ನು ಕಳಿಸಿದರು.

ವಾಪಸು ಬರುವಾಗ ಕುಲಕರ್ಣಿ ಸಾಹೇಬರು ಘಟ್ಟ ಹತ್ತುವ ತನಕ ನನ್ನೊಂದಿಗೆ ಮಾತಾಡಲಿಲ್ಲ. ಘಟ್ಟದ ಮೇಲೆ ಚಹಾಕ್ಕೆ ನಿಲ್ಲಿಸಿದಾಗ, "ಒಂದ ಮಾತು ನುಂಗಿದ್ರ ನಿನ್ನ ಗಂಟಲಕ್ಕ ಏನ ಆಗ್ತಿತ್ತೋ?" ಅಂದರು.

"ನಾಳೆ ಮತ್ತ ಖಾಲಿ ಡಬ್ಬಿ ಹೋಗೂ ದಿನ ಬರತಿತ್ರಿ. ಅವತ್ತ ಸಿಕ್ಕೊಂತಿತ್ತು."

ಅವರು ಚಹಾ ಊದಿಕೊಂಡು ಕುಡಿದರು. ಗಂಗವ್ವನಿಗೂ ಒಂದು ಲೋಟ ತಾವೇ ಒಯ್ದು ಕೊಟ್ಟರು.

ಆಮೇಲಿನ ದಿನಗಳು ಉದ್ದವಾಗಿದ್ದವು. ಯಾರಾದರೂ ಫೋನ್ ಹಿಡಿದು ನಿಂತರೆ ಕೈಯಲ್ಲಿದ್ದ ಕೆಲಸ ಬಿಟ್ಟು ಅತ್ತ ನೋಡುತ್ತಿದ್ದೆ. ನಾನು ದಿನಾ ಕೀಲಿ ತೆಗೆದು ಖೋಲಿಯ ಯಂತ್ರ ಒರೆಸಿ, ಮತ್ತೆ ಕೀಲಿ ಹಾಕಿ ಬರುತ್ತಿದ್ದೆ. ಯಂತ್ರ ತುಕ್ಕು ಹಿಡಿದರೆ ಆರ್ಡರ್ ಬಂದೂ ಪ್ರಯೋಜನವಿಲ್ಲ. ಇದನ್ನೂ ನೆನಪಿಡಿ. ಕೆಲಸ ಇಲ್ಲದ ದಿನವೂ ಕೆಲಸಕ್ಕೆ ತಯಾರಿರಬೇಕು.

ಒಂದು ಬೆಳಿಗ್ಗೆ ಸಾಹೇಬರು ಎಲ್ಲರನ್ನೂ ಬರಹೇಳಿದರು. ಹೆಣ್ಣುಮಕ್ಕಳು ಅಂಗಳದಲ್ಲಿ ಸೇರಿದರು. ಗಂಗವ್ವ ಎಲ್ಲರಿಗಿಂತ ಹಿಂದೆ, ಗೇಟಿನ ಹತ್ತಿರ ನಿಂತಿದ್ದಳು. ಸಾಹೇಬರು ಗೋವಾದಿಂದ ಬಂದ ಹೊಸ ನಿಯಮವನ್ನು ಗಂಭೀರವಾಗಿ ಓದಿದರು. ಆರ್ಡರ್ ಮೊದಲಿನ ಹಾಗೇ ಶುರು. ಡಬ್ಬಿಗಳನ್ನು ತುಂಬುವ ಮೊದಲು ಒಬ್ಬರು ಒಳಗೆ ಬೆಳಕು ಬಿಟ್ಟು ನೋಡಬೇಕು. ಕಡೆಯ ಸಾಲು ಹೀಗಿತ್ತು: "ಯಾವುದೇ ಕಾರಣಕ್ಕೂ ಡಬ್ಬಿಯನ್ನು ಖಾಲಿ ವಾಪಸು ಕಳಿಸಬಾರದು."



"ಹಂಗಂದ್ರ," ಎಂದಳು ಗಂಗವ್ವ ಗೇಟಿನ ಕಡೆಯಿಂದ, "ನಾ ಮಾಡಿದ್ದು ಬರೋಬ್ಬರಿ ಇತ್ತೇನ್ರಿ?"

"ಬರೋಬ್ಬರಿ ಇತ್ತವ್ವ. ಬೆಲ್ಲ ಅಷ್ಟ ತಪ್ಪು," ಎಂದರು ಕುಲಕರ್ಣಿ ಸಾಹೇಬರು. ಈ ಸಲ ಅವರೇ ಮೊದಲು ನಕ್ಕರು.

ಬಸ್ಸಿನಲ್ಲಿ ಚುಚ್ಚಿ ಮಾತಾಡಿದ್ದ ಆ ಹೆಣ್ಣುಮಗಳು ಹಿಂದೆ ಹೋಗಿ ಗಂಗವ್ವನ ರಟ್ಟೆ ಹಿಡಿದು ಮುಂದೆ ಎಳೆದು ತಂದಳು. "ನಡಿಯಬೇ, ಥಂಡ್ಯಾಗ ಎಷ್ಟೊತ್ತು ನಿಲ್ತಿ," ಅಂದಳು. ಅಂಗಳದಲ್ಲಿ ಬಿಸಿಲು ಸುಡುತ್ತಿತ್ತು.

ಒಳಗೆ ಹೋಗಿ ತೋಳು ಹಾಕಿಕೊಂಡರು, ಟೋಪಿ ಹಾಕಿಕೊಂಡರು. ಡಬ್ಬಿಯ ಒಳಗೆ ನೋಡುವ ಕೆಲಸವನ್ನು ಯಾರಿಗೆ ಕೊಡಲಿ ಎಂದು ಸಾಹೇಬರು ನನ್ನನ್ನು ಕೇಳುವ ಮೊದಲೇ ಗಂಗವ್ವ ಆ ಜಾಗದಲ್ಲಿ ನಿಂತಿದ್ದಳು. ಮೊದಲ ಹಸಿರು ಡಬ್ಬಿಯನ್ನು ಓರೆ ಮಾಡಿ, ಮೂಲೆ ಮೂಲೆಗೆ ಕಣ್ಣು ಹಾಯಿಸಿ, ಕೈ ಹಿಂದಕ್ಕೆ ಚಾಚಿದಳು.

"ಮಕ್ತುಮಣ್ಣಾ, ಬ್ಯಾಟರಿ ತಾರೋ. ಇಲ್ಲೊಂದು ಇರಿವಿ ಇನ್ನೂ ಊರಿಗೆ ಹೋಗಿಲ್ಲ."